ಹದಿನೈದನೆಯ ಚೌಕದ ಆಚೀಚೆ

ಗಾಜು ಒರೆಸುವುದಕ್ಕೆ ಒಂದು ಕ್ರಮವಿತ್ತು. ಮೊದಲು ಹಳೆಯ ಮಲ್ ಬಟ್ಟೆಯಿಂದ ಧೂಳು ತೆಗೆಯಬೇಕು. ಆಮೇಲೆ ಗಾಜನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಉಸಿರು ಬಿಡಬೇಕು. ಉಸಿರಿನ ಮಂಜು ಗಾಜಿನ ಮೇಲೆ ಹರಡಿ, ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುವಾಗ ಎಲ್ಲಿ ಬೆರಳಚ್ಚು ಉಳಿದಿದೆ, ಎಲ್ಲಿ ಗೀರು ಬಿದ್ದಿದೆ ಎಂಬುದು ಒಂದು ಗಳಿಗೆ ಕಾಣಿಸುತ್ತದೆ. ಆ ಗಳಿಗೆಯಲ್ಲೇ ಒರೆಸಬೇಕು. ದಿನವೂ ಬೆಳಿಗ್ಗೆ ನಾನು ಹಾಗೆ ಚಿತ್ರದ ಚೌಕಟ್ಟುಗಳ ಹನ್ನೆರಡು ಗಾಜುಗಳನ್ನು ಮಾತಿಲ್ಲದೆ ಒರೆಸುತ್ತಿದ್ದೆ. ಎದುರಿನ ಬೆತ್ತದ ಕುರ್ಚಿಯಲ್ಲಿ ಧರಣೇಂದ್ರಯ್ಯನವರು ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದರು. ಮೊದಲ ಎಂಟು ದಿನ ನಾವಿಬ್ಬರೂ ಆಡಿದ ಮಾತು ಒಂದು ಅಂಗೈಯಲ್ಲಿ ಹಿಡಿಸುವಷ್ಟು.

ಇದು ನನಗೆ ಹದಿನೇಳು ತುಂಬಿದ ವರ್ಷದ ಮಾತು. ಧರಣೇಂದ್ರಯ್ಯನವರು ಮೂವತ್ತು ವರ್ಷ ನಮ್ಮ ಊರಿನ ದಿನಪತ್ರಿಕೆಗೆ ಫೋಟೋ ತೆಗೆದವರು. ಆಗಲೇ ಕೆಲಸ ಬಿಟ್ಟು ಬಹಳ ದಿನವಾಗಿತ್ತು. ಕೈ ನಡುಗುತ್ತಿತ್ತು, ಎಡಗಣ್ಣಿಗೆ ಪೊರೆ ಬಂದಿತ್ತು. ಪತ್ರಿಕೆಗೆ ಐವತ್ತು ತುಂಬುತ್ತದೆಂದು ಪುರಭವನದಲ್ಲಿ ಅವರ ಚಿತ್ರಗಳ ಪ್ರದರ್ಶನ ಇಡುವುದಾಗಿ ಸಂಪಾದಕ ಪ್ರಹ್ಲಾದರಾಯರು ಗೊತ್ತುಮಾಡಿದ್ದರು. ಹಳೆಯ ನೆಗೆಟಿವ್‌ಗಳನ್ನು ಹುಡುಕಿ, ಜೋಡಿಸಿ, ಮತ್ತೆ ಪ್ರಿಂಟ್ ಹಾಕಲು ಕೈ ನಡುಗದವರೊಬ್ಬರು ಬೇಕಾಗಿತ್ತು. ನಮಗೆ ಕಾಜಾ ಗುಂಡಿಯ ಕೆಲಸ ಕೊಡುತ್ತಿದ್ದ ದರ್ಜಿ ಅಬ್ಬಾಸ್ ಸಾಹೇಬರು ನನ್ನ ಹೆಸರು ಹೇಳಿದರು.

“ಮಾತು ಕಮ್ಮಿ ಸ್ವಾಮಿ, ಕಣ್ಣು ಜಾಸ್ತಿ. ಚೌಕಳಿ ಶರ್ಟಿಗೆ ಈ ಹುಡುಗಿ ಜೇಬಿಟ್ರೆ ಜೇಬು ಎಲ್ಲೈತೆ ಅಂತ ನಾವೇ ಹುಡುಕ್ಬೇಕು. ಹಂಗೆ ಗೆರೆಗೆ ಗೆರೆ ಕೂಡಿಸ್ತಾಳೆ,” ಎಂದರಂತೆ.

ಧರಣೇಂದ್ರಯ್ಯನವರು ನನ್ನ ತಾಯಿಯ ಹೆಸರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಕೇಳಿದ್ದರೆ ನಾನು ಅವರ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಏಕೆಂದರೆ ಅವರ ಹೆಸರು ಊರಿಗೆಲ್ಲ ಗೊತ್ತಾದದ್ದು ಒಂದೇ ಒಂದು ಚಿತ್ರದಿಂದ, ಆ ಚಿತ್ರದಲ್ಲಿದ್ದವಳು ನನ್ನ ಅಮ್ಮ.

ನನಗೆ ಆರು ವರ್ಷವಿದ್ದಾಗ ಸೀಮೆಎಣ್ಣೆ ಡಿಪೋದ ಮುಂದೆ ಗಲಾಟೆಯಾಯಿತು. ವಾರಗಟ್ಟಲೆ ಎಣ್ಣೆ ಕೊಡದೆ ಸತಾಯಿಸಿದ್ದರಂತೆ, ಜನ ಸಿಟ್ಟಿಗೆದ್ದು ಕಲ್ಲು ತೂರಿದರಂತೆ. ಮಾರನೆಯ ದಿನದ ಪತ್ರಿಕೆಯ ಮೊದಲ ಪುಟದಲ್ಲಿ ಅಮ್ಮ ಇದ್ದಳು. ಬಲಗೈ ತಲೆಯ ಮೇಲೆ, ಆ ಕೈಯಲ್ಲಿ ಹಿಡಿ ಮೀರಿದ ಕಲ್ಲು, ತೆರೆದ ಬಾಯಿ, ಬಿಚ್ಚಿದ ಜಡೆ. ಪಕ್ಕದಲ್ಲಿ ಡಿಪೋದ ಒಡೆದ ಕಿಟಕಿ. ಕೆಳಗೆ ‘ಕಲ್ಲೆತ್ತಿದ ಮಹಿಳೆ’ ಎಂದು ಅಡಿಬರಹ. ಆ ಚಿತ್ರಕ್ಕೆ ದೊಡ್ಡ ಊರಿನಲ್ಲಿ ಬಹುಮಾನ ಬಂತು. ಅಮ್ಮ ಅಡುಗೆ ಮಾಡುತ್ತಿದ್ದ ವಿದ್ಯಾರ್ಥಿನಿಲಯದಲ್ಲಿ ಅವಳನ್ನು ಕೆಲಸದಿಂದ ತೆಗೆದರು. ಬೀದಿಯಲ್ಲಿ ಸಣ್ಣತಾಯಮ್ಮ ಎಂಬ ಹೆಸರು ಹೋಗಿ ಕಲ್ಲು ತಾಯಮ್ಮ ಎಂಬ ಹೆಸರು ನಿಂತಿತು.

ಅಮ್ಮ ಹೇಳುವುದೇ ಬೇರೆ ಇತ್ತು. ಗಲಾಟೆಯಲ್ಲಿ ಎಣ್ಣೆ ಪೀಪಾಯಿಯ ತಳ್ಳುಗಾಡಿಯನ್ನು ಇಳಿಜಾರಿನ ಮೇಲೆ ಬಿಟ್ಟು ಗಾಡಿಯವನು ಓಡಿಹೋದ. ಗಾಡಿ ತಾನಾಗಿ ಉರುಳತೊಡಗಿತು. ಕೆಳಗೆ ಸಾಲಿನಲ್ಲಿ ಹೆಂಗಸರು, ಮಕ್ಕಳು ಕೂತಿದ್ದರು. ಗಾಲಿಗೆ ಅಡ್ಡ ಕೊಟ್ಟು ಗಾಡಿ ನಿಲ್ಲಿಸಲೆಂದು ಅವಳು ಕಲ್ಲು ತೆಗೆದುಕೊಂಡು ಓಡಿದಳು. ಇದನ್ನು ಅವಳು ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ಮುಂದೆ ಹೇಳಿದಾಗ ಅವರು ಪತ್ರಿಕೆಯನ್ನು ಬಿಡಿಸಿ ತೋರಿಸಿ ಕೇಳಿದರಂತೆ: “ಗಾಲಿ ಇರೋದು ನೆಲದ ಮೇಲಲ್ವೇನಮ್ಮ? ಕೈ ಯಾಕೆ ಆಕಾಶದಲ್ಲಿದೆ?”

ಅಂದಿನಿಂದ ಅಮ್ಮ ಹೊರಗಿನವರ ಮುಂದೆ ಆ ಮಾತನ್ನೇ ಎತ್ತಲಿಲ್ಲ.

ಚಿತ್ರ ಒಮ್ಮೆ ಬಂದು ಹೋಗಿದ್ದರೆ ಊರು ಮರೆಯುತ್ತಿತ್ತೋ ಏನೋ. ಆದರೆ ಪತ್ರಿಕೆಯಲ್ಲಿ ಒಂದು ಪದ್ಧತಿಯಿತ್ತು. ಚಿತ್ರ ಅಚ್ಚುಮಾಡಲು ಮಾಡಿಸಿದ ಸತುವಿನ ಬ್ಲಾಕುಗಳನ್ನು ಅವರು ಎಸೆಯುತ್ತಿರಲಿಲ್ಲ. ಬರ, ನೆರೆ, ಗಲಭೆ ಎಂದು ಚೀಟಿ ಅಂಟಿಸಿದ ಡ್ರಾಯರುಗಳಲ್ಲಿ ಇಡುತ್ತಿದ್ದರು. ಎಲ್ಲಿ ಗಲಭೆಯಾದರೂ, ಹೊಸ ಚಿತ್ರ ಸಿಗದಿದ್ದರೆ, ಅಮ್ಮನನ್ನು ಡ್ರಾಯರಿನಿಂದ ತೆಗೆಯುತ್ತಿದ್ದರು. ಕಾಣದ ಊರುಗಳಲ್ಲಿ, ಗೊತ್ತಿಲ್ಲದ ಜಗಳಗಳಲ್ಲಿ ಅಮ್ಮ ಕಲ್ಲೆತ್ತಿ ನಿಂತಳು. ಮೂರನೆಯ ಸಲ ಅಚ್ಚಾದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಜೊತೆಯ ಹುಡುಗಿಯೊಬ್ಬಳು ಆ ಪತ್ರಿಕೆಯನ್ನೇ ಪುಸ್ತಕಕ್ಕೆ ರಟ್ಟು ಹಾಕಿಕೊಂಡು ಬಂದಳು, ಅಮ್ಮ ಮೇಲೆ ಬರುವ ಹಾಗೆ. “ಅವಳ ಹತ್ರ ಹುಷಾರಾಗಿರ್ರೇ, ಬಳಪಾನೂ ಕಲ್ಲೇ,” ಎಂದಳು. ಇಡೀ ತರಗತಿ ನಕ್ಕಿತು, ಪಾಠ ಮಾಡುತ್ತಿದ್ದ ಮೇಡಂ ಕೂಡ ಸ್ವಲ್ಪ ನಕ್ಕರು. ನಾನು ಹೊಟ್ಟೆನೋವೆಂದು ಮನೆಗೆ ಬಂದೆ. ಆ ಹೊಟ್ಟೆನೋವು ಆಮೇಲೆ ವಾಸಿಯಾಗಲಿಲ್ಲ. ಅಮ್ಮನ ಪಕ್ಕ ಕೂತು ಗುಂಡಿ ಹೊಲಿಯುವುದನ್ನು ಕಲಿತೆ.

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೂ ಅನುಮಾನವಿತ್ತು. ಆ ದಿನ ನಾನೂ ಅಲ್ಲಿದ್ದೆನೆಂದು ಅಮ್ಮ ಹೇಳುತ್ತಿದ್ದಳು. ಸಾಲಿನ ಜಾಗ ಕಾಯಲು ಖಾಲಿ ಡಬ್ಬದ ಮೇಲೆ ನನ್ನನ್ನು ಕೂರಿಸಿ ಹೋಗಿದ್ದಳಂತೆ. ನನಗೆ ನೆನಪಿರುವುದು ಸೀಮೆಎಣ್ಣೆಯ ವಾಸನೆ, ಮುಂದೆ ಕೂತವರ ಬೆನ್ನು, ಅಷ್ಟೇ. ಅದೂ ನನ್ನ ನೆನಪೋ, ಅಮ್ಮ ಹೇಳಿ ಹೇಳಿ ನನ್ನದಾದದ್ದೋ ಗೊತ್ತಿಲ್ಲ. ಅಮ್ಮ ಸುಳ್ಳು ಹೇಳುವವಳಲ್ಲ. ಆದರೆ ಕೈ ಆಕಾಶದಲ್ಲಿತ್ತು. ಆ ಪತ್ರಿಕೆಯ ತುಣುಕನ್ನು ನಾನು ಸೂಜಿಯ ಡಬ್ಬಿಯಲ್ಲಿ ಮಡಿಸಿಟ್ಟುಕೊಂಡಿದ್ದೆ. ಮಡಿಕೆಯಲ್ಲಿ ಸವೆದು ಅಮ್ಮನ ಭುಜ ಹರಿದುಹೋಗಿತ್ತು. ಎಷ್ಟು ನೋಡಿದರೂ ಅದು ಅಷ್ಟನ್ನೇ ಹೇಳುತ್ತಿತ್ತು.

ಆದ್ದರಿಂದ ಧರಣೇಂದ್ರಯ್ಯನವರ ಮನೆಗೆ ನಾನು ಗಾಜು ಒರೆಸಲು ಹೋದೆನೆಂಬುದು ಅರ್ಧ ನಿಜ.

ಒಂಬತ್ತನೆಯ ದಿನ ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು: “ನೀನು ಗಾಜು ಒರೆಸೋವಾಗ ಗಾಜು ನೋಡಲ್ಲ, ಅದರ ಹಿಂದಿರೋ ಚಿತ್ರ ನೋಡ್ತೀಯ. ಒರೆಸೋಕೆ ಬಂದಿದೀಯೋ ಕಲಿಯೋಕೆ ಬಂದಿದೀಯೋ?”

“ಎರಡಕ್ಕೂ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅಂದಿನಿಂದ ಪಾಠ ಶುರುವಾಯಿತು. ಅವರ ಪಾಠಕ್ಕೆ ಹೊತ್ತುಗೊತ್ತು ಇರಲಿಲ್ಲ. ಪ್ರಿಂಟು ನೀರಿನಲ್ಲಿ ನೆನೆಯುವಾಗ, ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಬಿಡುವಾಗ, ಏನೋ ನೆನಪಾಗಿ ಹೇಳುತ್ತಿದ್ದರು. ಮೊದಮೊದಲು ಕ್ಯಾಮೆರಾ ಎಷ್ಟು ನಿಧಾನವಾಗಿತ್ತೆಂದರೆ, ದೂರದೇಶದ ಒಂದು ಗಿಜಿಗುಡುವ ಬೀದಿಯ ಚಿತ್ರದಲ್ಲಿ ಬೀದಿ ಖಾಲಿಯಿತ್ತಂತೆ. ನಡೆದಾಡಿದವರು, ಗಾಡಿ, ಕುದುರೆ ಯಾವುದೂ ಚಿತ್ರದಲ್ಲಿ ನಿಲ್ಲಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಡೆ ನಿಂತ ಒಬ್ಬ ಮನುಷ್ಯ ಮಾತ್ರ ಉಳಿದನಂತೆ. “ಚಿತ್ರದಲ್ಲಿ ಇಲ್ಲ ಅಂದ್ರೆ ಬೀದಿಯಲ್ಲಿ ಇರಲಿಲ್ಲ ಅಂತಲ್ಲ,” ಎಂದರು. ನಾನು ಅದನ್ನು ಆ ದಿನವೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದೆ, ಕಲ್ಲುಸಕ್ಕರೆಯ ಹಾಗೆ.

ಪತ್ರಿಕೆಗಳಿಗೆ ಫೋಟೋ ಅಚ್ಚುಮಾಡಲು ಬರದಿದ್ದ ಕಾಲವೂ ಇತ್ತಂತೆ. ಫೋಟೋ ನೋಡಿಕೊಂಡು ಮರದಲ್ಲಿ ಕೆತ್ತುವವರು ಕೆತ್ತುತ್ತಿದ್ದರು. ಕೆತ್ತುವವನಿಗೆ ಜನ ಕಡಿಮೆ ಎನ್ನಿಸಿದರೆ ನಾಲ್ಕು ತಲೆ ಸೇರಿಸುತ್ತಿದ್ದನಂತೆ, ಹೊಗೆ ಸಾಲದೆನ್ನಿಸಿದರೆ ಹೊಗೆ. ಮತ್ತೊಂದು ದಿನ ಒಂದು ಹಳೆಯ ಯುದ್ಧದ ಎರಡು ಚಿತ್ರಗಳ ಕತೆ ಹೇಳಿದರು. ಒಂದೇ ರಸ್ತೆ, ಒಂದೇ ಜಾಗ. ಒಂದರಲ್ಲಿ ರಸ್ತೆಯ ಮೇಲೆ ಫಿರಂಗಿ ಗುಂಡುಗಳು ಚೆಲ್ಲಿವೆ, ಇನ್ನೊಂದರಲ್ಲಿ ರಸ್ತೆ ಬರಿದಾಗಿದೆ. ಮೊದಲು ತೆಗೆದದ್ದು ಯಾವುದು? ಗುಂಡು ಎತ್ತಿಹಾಕಿದರೋ, ತಂದು ಹರಡಿದರೋ? ಇದಕ್ಕಾಗಿ ಬಲ್ಲವರು ಬಹುಕಾಲ ಜಗಳಾಡಿದರಂತೆ. ಕೊನೆಗೆ ಒಬ್ಬರು ರಸ್ತೆಯನ್ನು ಬಿಟ್ಟು, ಪಕ್ಕದ ಇಳಿಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ಜಾರಿದ್ದ ಸಣ್ಣ ಕಲ್ಲುಗಳನ್ನು ನೋಡಿ ಇದು ಮೊದಲು, ಇದು ಆಮೇಲೆ ಎಂದರಂತೆ.

“ಕಲ್ಲು ನೋಡಿ ಹೇಳಿದರಾ?” ಎಂದು ಕೇಳಿದೆ.

“ಎಲ್ಲರೂ ಗುಂಡು ನೋಡ್ತಿದ್ರು. ಅವರು ಕಲ್ಲು ನೋಡಿದರು.”

ಆ ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಭೂತಗನ್ನಡಿ ಹಿಡಿದು ನನ್ನ ಪತ್ರಿಕೆಯ ತುಣುಕನ್ನು ನೋಡಿದೆ. ಹತ್ತಿರ ಹೋದಷ್ಟೂ ಅಮ್ಮ ಕರಗಿ ಚುಕ್ಕೆಗಳಾದಳು. ಅವಳ ಕಣ್ಣು ಎರಡು ಚುಕ್ಕೆ. ಕಲ್ಲು ಹನ್ನೊಂದು ಚುಕ್ಕೆ. ಹನ್ನೊಂದು ಚುಕ್ಕೆ ನಮ್ಮನ್ನು ಇಷ್ಟು ವರ್ಷ ಬೀದಿಯ ಅಂಚಿನಲ್ಲಿ ನಡೆಸಿತ್ತು.

ಒಂದು ದಿನ ಪ್ರಹ್ಲಾದರಾಯರು ಬಂದು ಪ್ರದರ್ಶನದ ಪಟ್ಟಿ ನೋಡಿದರು. ಒಳ್ಳೆಯ ಮಾತುಗಾರರು, ಎಲ್ಲರನ್ನೂ ನಗಿಸುವವರು. ಕಲ್ಲಿನ ಚಿತ್ರವನ್ನು ಆಳೆತ್ತರ ಮಾಡಿಸಿ ಬಾಗಿಲ ಎದುರಿಗೇ ನಿಲ್ಲಿಸಬೇಕೆಂದರು. “ಕಲ್ಲು ತಾಯಮ್ಮ ಬಾಗಿಲಲ್ಲಿ ನಿಂತ್ರೆ ಹೆದರಿಕೊಂಡಾದ್ರೂ ಜನ ಒಳಗೆ ಬರ್ತಾರೆ ಅಯ್ಯನವರೇ,” ಎಂದು ನಕ್ಕರು. ಧರಣೇಂದ್ರಯ್ಯನವರು ನಗಲಿಲ್ಲ, ಬೇಡವೆನ್ನಲೂ ಇಲ್ಲ. ನಾನು ಒಲೆಯ ಹತ್ತಿರ ಕಾಫಿ ಸೋಸುತ್ತಿದ್ದೆ. ಸೋಸಿದ್ದು ಲೋಟದ ಹೊರಗೆ ಹೋಯಿತು. ಆಳೆತ್ತರದ ಅಮ್ಮ ಪುರಭವನದ ಬಾಗಿಲಲ್ಲಿ. ಪತ್ರಿಕೆಯಾದರೆ ಮಾರನೆಯ ದಿನ ರದ್ದಿಗೆ ಹೋಗುತ್ತದೆ. ಇದನ್ನು ಊರಿಗೆ ಊರೇ ಸಾಲುಗಟ್ಟಿ ನೋಡುತ್ತದೆ. ಪ್ರದರ್ಶನಕ್ಕೆ ಇಪ್ಪತ್ತು ದಿನ ಉಳಿದಿತ್ತು.

ಮಾರನೆಯ ದಿನ ಕತ್ತಲೆ ಕೋಣೆಯಲ್ಲಿ ಆ ನೆಗೆಟಿವನ್ನು, ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿಗೆ ಹಾಕಲು ಅವರೇ ಹೇಳಿದರು. ಅದು ಒಂಟಿ ಚೌಕ. ಅದೂ ಅವರ ಪದ್ಧತಿಯೇ. ಬೇರೆಯವರು ಫಿಲ್ಮನ್ನು ಆರಾರು ಚೌಕದ ಪಟ್ಟಿಯಾಗಿ ಕತ್ತರಿಸಿ ಇಡುತ್ತಿದ್ದರಂತೆ. ನಮ್ಮ ಪತ್ರಿಕೆಯಲ್ಲಿ ಅವಸರವೇ ಹೆಚ್ಚು. ಆರಿಸಿದ ಒಂದೇ ಚೌಕವನ್ನು ಕತ್ತರಿಯಿಂದ ಕತ್ತರಿಸಿ ಬ್ಲಾಕು ಮಾಡುವವನಿಗೆ ಕಳಿಸುತ್ತಿದ್ದರು. ಆಚೀಚೆ ಉಳಿದ ತುಂಡುಗಳು ಬಿಸ್ಕತ್ತಿನ ಡಬ್ಬಕ್ಕೆ ಬೀಳುತ್ತಿದ್ದವು. ಮೂವತ್ತು ವರ್ಷದ ಉಳಿಕೆ ಒಂಬತ್ತು ಡಬ್ಬಗಳಲ್ಲಿ ಅಟ್ಟದ ಮೇಲಿತ್ತು.

ಬೆಳಕು ಹಾಕಿದಾಗ ಹಲಗೆಯ ಮೇಲೆ ಅಮ್ಮ ಮೂಡಿದಳು, ಕಪ್ಪು ಬಿಳಿ ಅದಲುಬದಲಾಗಿ. ಆದರೆ ಅವಳ ಸುತ್ತ ನಾನು ಎಂದೂ ಕಾಣದ ಎಷ್ಟೋ ಇತ್ತು. ಪತ್ರಿಕೆಯಲ್ಲಿ ಅವಳ ಎದೆಯಿಂದ ಮೇಲೆ ಮಾತ್ರ ಬಂದಿತ್ತು. ಇಲ್ಲಿ ಅವಳ ಕೆಳಗೆ, ಮುಂದೆ, ಎಡಬಲಕ್ಕೆ ಒತ್ತೊತ್ತಾಗಿ ತಲೆಗಳು. ಆ ತಲೆಗಳ ನಡುವೆ ಅವಳು ನುಗ್ಗಿಕೊಂಡು ಬರುತ್ತಿದ್ದಳು. ನೀರಿನ ಕೊಡ ಹೊತ್ತು ಸಂತೆಯಲ್ಲಿ ನುಗ್ಗುವವರು ಏನು ಮಾಡುತ್ತಾರೆ? ಯಾರಿಗೂ ತಗಲದಿರಲಿ ಎಂದು ಎತ್ತಿ ಹಿಡಿಯುತ್ತಾರೆ. ಇನ್ನೊಂದನ್ನೂ ನೋಡಿದೆ. ಉಳಿದ ಎಲ್ಲರ ಮುಖ ಡಿಪೋದ ಕಡೆಗಿತ್ತು, ಕಾಣುತ್ತಿದ್ದದ್ದು ಅವರ ಹಿಂದಲೆ. ಅಮ್ಮನೊಬ್ಬಳ ಮುಖ ಈ ಕಡೆಗಿತ್ತು.

“ಬದಿಯದೆಲ್ಲ ಬಿಟ್ಟುಬಿಡು. ಹಿಂದೆ ಪತ್ರಿಕೆಯಲ್ಲಿ ಬಂದಷ್ಟೇ ಸಾಕು,” ಎಂದರು ಧರಣೇಂದ್ರಯ್ಯನವರು.

“ಸರ್, ಒಡೆದ ಕಿಟಕಿ ಇವರ ಬೆನ್ನ ಹಿಂದಿದೆಯಲ್ಲ. ಕಲ್ಲು ಹೊಡೆಯೋರು ಕಿಟಕಿಗೆ ಬೆನ್ನು ಹಾಕಿ ಯಾಕೆ ನಿಂತರು?”

ಕೆಂಪು ದೀಪದಲ್ಲಿ ಅವರ ಮುಖ ಸರಿಯಾಗಿ ಕಾಣಲಿಲ್ಲ. “ಬಲ್ಬು ಕಾದಿದೆ. ಇವತ್ತಿಗೆ ಸಾಕು,” ಎಂದು ಸ್ವಿಚ್ಚು ಆರಿಸಿದರು.

ಚೌಕದ ಅಂಚಿನಲ್ಲಿ ಹದಿನೈದು ಎಂಬ ಅಂಕಿ ಇತ್ತು. ಫಿಲ್ಮಿನ ಅಂಚಿನಲ್ಲಿ ಪ್ರತಿ ಚೌಕಕ್ಕೂ ಹೀಗೆ ಅಂಕಿ ಇರುತ್ತದೆ. ಹದಿನೈದಿದ್ದ ಮೇಲೆ ಹದಿನಾಲ್ಕು ಇರಲೇಬೇಕು, ಹದಿನಾರು ಇರಲೇಬೇಕು. ಅಟ್ಟದ ಮೇಲಿನ ಡಬ್ಬಗಳ ಧೂಳು ಒರೆಸಲೇ ಎಂದು ಕೇಳಿದೆ. ಅವರು ನನ್ನನ್ನು ದೀರ್ಘವಾಗಿ ನೋಡಿ, “ಒರೆಸು,” ಎಂದರು. ಅವರಿಗೆ ಆಗಲೇ ಏನಾದರೂ ತಿಳಿದಿತ್ತೇ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಹದಿನಾರರಿಂದ ಶುರುವಾಗುವ ತುಂಡುಗಳು ಒಂಬತ್ತು ಡಬ್ಬಗಳಲ್ಲಿ ನಲವತ್ತಕ್ಕೂ ಹೆಚ್ಚಿದ್ದವು. ಆದರೆ ಕತ್ತರಿ ಹಿಡಿದ ಕೈ ಒಂದೊಂದು ದಿನ ಒಂದೊಂದು ರೀತಿ ಓಡುತ್ತದೆ. ಒಂದು ದಿನ ನೇರ, ಒಂದು ದಿನ ಓರೆ, ಇನ್ನೊಂದು ದಿನ ಅರ್ಧಕ್ಕೆ ನಿಂತು ಮತ್ತೆ ಹೊರಟದ್ದು. ಚೌಕಳಿ ಬಟ್ಟೆಯ ಅಂಚಿಗೆ ಅಂಚು ಕೂಡಿಸಿದ ಹಾಗೆ ಒಂದೊಂದನ್ನೇ ಹದಿನೈದರ ಪಕ್ಕ ಗಾಜಿನ ಮೇಲಿಟ್ಟು ನೋಡಿದೆ. ಹದಿನೈದರ ಬಲ ಅಂಚಿನಲ್ಲಿ, ಮೇಲಿನಿಂದ ಕಾಲುಭಾಗದಲ್ಲಿ, ಕತ್ತರಿ ಒಮ್ಮೆ ಜಾರಿದ ಸಣ್ಣ ಹಲ್ಲಿತ್ತು. ಆ ಹಲ್ಲಿಗೆ ಕೂಡುವ ತುಂಡು ಸಿಗಲು ಆರು ದಿನ ಹಿಡಿಯಿತು. ಹದಿನಾಲ್ಕಕ್ಕೆ ಮುಗಿಯುವ ಇನ್ನೊಂದು ತುಂಡು ಅದೇ ಡಬ್ಬದಲ್ಲಿ, ತೀರ ತಳದಲ್ಲಿ, ಮುಚ್ಚಳದ ತುಕ್ಕು ಮೆತ್ತಿಕೊಂಡು ಬಿದ್ದಿತ್ತು.

ಕಿಟಕಿಯ ಬೆಳಕಿಗೆ ಹಿಡಿದೆ. ಹದಿನಾಲ್ಕರಲ್ಲಿ ಇಳಿಜಾರು, ಅದರ ತಲೆಯಲ್ಲಿ ಎರಡು ಪೀಪಾಯಿ ಹೊತ್ತ ತಳ್ಳುಗಾಡಿ, ಹಿಡಿದವರಿಲ್ಲ. ಕೆಳ ಅಂಚಿನಲ್ಲಿ ಕೂತ ಹೆಂಗಸರ ಬೆನ್ನು. ಅವರ ನಡುವೆ ರಿಬ್ಬನ್ ಕಟ್ಟಿದ ಒಂದು ಪುಟ್ಟ ತಲೆ, ಅಲುಗಿದ್ದರಿಂದ ಮಸುಕಾಗಿತ್ತು. ಅದು ನಾನೇ ಎಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಹದಿನಾರು ಮೊದಲ ನೋಟಕ್ಕೆ ಏನೂ ಆಗಿರಲಿಲ್ಲ. ಲೋಕವೇ ಓರೆಯಾಗಿತ್ತು. ಕ್ಯಾಮೆರಾ ಕೈತಪ್ಪಿ ತಾನಾಗಿ ತೆಗೆದ ಚಿತ್ರದ ಹಾಗಿತ್ತು. ಯಾರಾದರೂ ಎಸೆದುಬಿಡುವಂಥದ್ದು, ಅದಕ್ಕೇ ಡಬ್ಬಕ್ಕೆ ಬಿದ್ದಿತ್ತು. ಭೂತಗನ್ನಡಿ ಹಿಡಿದೆ. ಗಾಲಿಯ ಒಂದು ಪಾಲು. ಗಾಲಿಯ ಅಡಿಗೆ ಕಲ್ಲು. ಕಲ್ಲನ್ನು ಇನ್ನೂ ಒತ್ತಿಹಿಡಿದ ಒಂದು ಕೈ, ಆ ಕೈಯ ಮೇಲೆ ಮೂರು ಚುಕ್ಕೆ, ಒಂದು ಬಳ್ಳಿ. ಅಮ್ಮನ ಆ ಹಚ್ಚೆಯ ಮೇಲೆ ಬೆರಳಾಡಿಸುತ್ತ ನಾನು ಎಷ್ಟೋ ವರ್ಷ ನಿದ್ದೆಹೋಗಿದ್ದೇನೆ. ಪಕ್ಕದಲ್ಲಿ, ನೆಲಕ್ಕೆ ಬಲವಾಗಿ ಊರಿದ ಒಂದು ಗಂಡಸಿನ ಬೂಟು. ಅರ್ಧ ಬಿಳಿ, ಅರ್ಧ ಕಪ್ಪು. ಅಂಥ ಬೂಟು ನಾನು ನೋಡಿದ್ದೆ. ದಿನವೂ ನೋಡುತ್ತಿದ್ದೆ. ಈ ಮನೆಯದೇ ಬಾಗಿಲ ಪಕ್ಕದ ಗೂಡಿನಲ್ಲಿ, ಹಾಕಿಕೊಳ್ಳದೆ ಎಷ್ಟೋ ವರ್ಷವಾದದ್ದು, ಹಿಮ್ಮಡಿ ಸವೆದದ್ದು.

ಅಮ್ಮ ಹೇಳಿದ್ದು ನಿಜವೆಂಬ ಸಂತೋಷಕ್ಕಿಂತ ಮೊದಲು ಬಂದದ್ದು ಬೇರೆಯೇ ಒಂದು ಯೋಚನೆ. ಇವರು ಪಕ್ಕದಲ್ಲೇ ಇದ್ದರು.

ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಹದಿನಾರರ ಪ್ರಿಂಟು ಹಾಕಿದೆ. ನಾನೊಬ್ಬಳೇ ಹಾಕಿದ ಮೊದಲ ಪ್ರಿಂಟು ಅದು. ಉಳಿದವುಗಳ ಜೊತೆಗೆ ಹಗ್ಗಕ್ಕೆ ತೂಗಿಬಿಟ್ಟು, ಎಂದಿನಂತೆ ಗಾಜು ಒರೆಸುತ್ತ ಕೂತೆ. ಅವರು ಬಂದರು. ಸಾಲಾಗಿ ನೋಡುತ್ತ ಬಂದವರು ಅದರ ಮುಂದೆ ನಿಂತರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬಾಗಿಲ ಪಕ್ಕದ ಗೂಡಿನ ಕಡೆ ಒಮ್ಮೆ ತಿರುಗಿದರು. ಪ್ರಿಂಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬಹಳ ಹೊತ್ತು ಹೇಳಿದರು, ಹೆಚ್ಚಿನದೆಲ್ಲ ಗೋಡೆಗೆ ಹೇಳಿದ ಹಾಗಿತ್ತು. ಹದಿನೈದನ್ನು ಒತ್ತಿ ಫಿಲ್ಮು ಮುಂದಕ್ಕೆ ತಿರುಗಿಸಿದ ಕೂಡಲೇ ಗಾಡಿ ತಮ್ಮ ಮೇಲೆಯೇ ಬರುತ್ತಿರುವುದು ಕಂಡಿತಂತೆ. ಕ್ಯಾಮೆರಾವನ್ನು ಪಕ್ಕಕ್ಕೆ ತಳ್ಳಿ ಗಾಡಿಗೆ ಎದೆ ಕೊಟ್ಟರು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕ್ಯಾಮೆರಾದ ಗುಂಡಿ ಯಾವಾಗ ಒತ್ತಿತೋ ಗೊತ್ತಾಗಲಿಲ್ಲ. ಆ ಹೆಂಗಸು ಜನರ ನಡುವಿನಿಂದ ಬಂದು ಕಲ್ಲು ಕೊಟ್ಟಳು. ಗಾಡಿ ನಿಂತಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸಾಲಿನ ಕಡೆ ಓಡಿದಳು. ಸಂಜೆ ಅವಸರದಲ್ಲಿ ಹದಿನೈದನ್ನು ಕತ್ತರಿಸಿ ಕೊಟ್ಟರು. ಅಡಿಬರಹ ಬರೆದದ್ದು ಆಗಿನ ಸಂಪಾದಕರು. ಬೆಳಿಗ್ಗೆ ಪತ್ರಿಕೆ ನೋಡಿ ಇವರು ಓಡಿಹೋಗಿ ಕೇಳಿದ್ದಕ್ಕೆ ಅವರು, “ಚಿತ್ರ ನಿಮ್ಮದು ಧರಣಯ್ಯ, ಅಕ್ಷರ ನಮ್ಮದು,” ಎಂದರಂತೆ.

“ಮರುದಿನ ಹೋಗಿ ಇನ್ನೊಮ್ಮೆ ಹೇಳ್ಬೇಕು ಅಂದ್ಕೊಂಡೆ. ಅಷ್ಟರಲ್ಲಿ ಹೊಗಳಿಕೆ ಶುರುವಾಯ್ತು. ಆಮೇಲೆ ಬಹುಮಾನ ಬಂತು. ಬಹುಮಾನ ಬಂದ ಮೇಲೆ ಬಾಯಿ ಬರಲಿಲ್ಲ,” ಎಂದರು. ಪ್ರಿಂಟಿನಲ್ಲಿದ್ದ ಕೈಯನ್ನು ತೋರಿಸಿ, “ಆ ಹೆಣ್ಣುಮಗಳು ಎಲ್ಲಿದಾಳೋ. ಇದಾಳೋ ಇಲ್ಲವೋ,” ಎಂದರು.

ನಾನು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟೆ.

“ನಮ್ಮನೇಲಿದಾಳೆ. ಗುಂಡಿ ಹೊಲೀತಿದಾಳೆ.”

ಅವರು ಕುರ್ಚಿಯನ್ನು ಹುಡುಕಿ ಕೂತರು. ಪ್ರದರ್ಶನದಲ್ಲಿ ಆ ಚಿತ್ರ ಇಡಬೇಡಿ ಎಂದು ಕೇಳಬೇಕೆಂದು ಬಂದಿದ್ದವಳು ಅದನ್ನು ಕೇಳದೆ ಮತ್ತೆ ಗಾಜು ಕೈಗೆತ್ತಿಕೊಂಡೆ. ಮಧ್ಯಾಹ್ನ ನಾನು ಹೊರಡುವಾಗ ಇನ್ನು ಬರುವುದು ಬೇಡ, ಉಳಿದದ್ದನ್ನು ತಾವೇ ಮಾಡಿಕೊಳ್ಳುವುದಾಗಿ ಹೇಳಿದರು. ಎಲ್ಲ ಕೆಡಿಸಿಕೊಂಡೆನೆಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ನಾಲ್ಕು ದಿನ ಕಳೆದು, ಅಬ್ಬಾಸ್ ಸಾಹೇಬರಿಂದ ಮನೆ, ಹೆಸರು ಕೇಳಿಕೊಂಡು, ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. ಅಮ್ಮ ಹೊಸ್ತಿಲ ಬೆಳಕಿನಲ್ಲಿ ಕೂತು ಕಾಜಾ ಮಾಡುತ್ತಿದ್ದಳು. ನಾನು ಒಳಗೆ, ಬಾಗಿಲ ಹಿಂದೆ. ಯಾರೋ ಬಟ್ಟೆ ಕೇಳಲು ಬಂದವರೆಂದು ಅಮ್ಮ ತಲೆಯೆತ್ತದೆ, ಇನ್ನೂ ಆಗಿಲ್ಲ, ಸಾಹೇಬರ ಅಂಗಡಿಗೇ ಕಳಿಸುತ್ತೇನೆ ಎಂದಳು. ಅವರು ಅವಳ ಮುಖವನ್ನಲ್ಲ, ಸೂಜಿ ಹಿಡಿದ ಕೈಯನ್ನು ನೋಡುತ್ತ ನಿಂತರು. ಆಗ ಅಮ್ಮ ತಲೆಯೆತ್ತಿದಳು.

“ಫೋಟೋದೋರಲ್ವಾ ನೀವು?”

“ಹೌದು ತಾಯಿ.”

ಅಮ್ಮ ಮತ್ತೆ ಬಗ್ಗಿ ಎರಡು ಹೊಲಿಗೆ ಹಾಕಿದಳು. “ಮತ್ತೆ ಹಾಕ್ತೀರಂತೆ. ಸಾಹೇಬ್ರು ಅಂತಿದ್ರು. ದೊಡ್ದಾಗಿ.”

“ಹಾಕ್ತೀನಿ. ನೀವು ಬಂದು ನೋಡ್ಬೇಕು.”

“ನಾನ್ ಬರ್ದೆ ಇದ್ರೂ ಇರ್ತೀನಲ್ಲ ಅಲ್ಲಿ,” ಎಂದಳು ಅಮ್ಮ, ಹಲ್ಲಿನಿಂದ ದಾರ ಕಡಿದು.

ಅವರು ಕೈ ಮುಗಿದರು. ಅಮ್ಮ ನೋಡಲಿಲ್ಲ. ಆದರೆ ಆ ರಾತ್ರಿ ಊಟ ಮಾಡುವಾಗ, ಮದುವೆಗೆ ಉಟ್ಟ ನೀಲಿ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬಾ ಎಂದು ನನಗೆ ಹೇಳಿದಳು.

ನಾವು ಹೋಗುವ ಹೊತ್ತಿಗೆ ಪುರಭವನದಲ್ಲಿ ಜನವಿತ್ತು. ಪ್ರಹ್ಲಾದರಾಯರು ಅತಿಥಿಗಳನ್ನು ಕರೆದುಕೊಂಡು ಅಡ್ಡಾಡುತ್ತಿದ್ದರು. ಅಬ್ಬಾಸ್ ಸಾಹೇಬರು ಹೊಸ ಕೋಟು ಹಾಕಿದ್ದರು. ವಿದ್ಯಾರ್ಥಿನಿಲಯದ ಆ ಮೇಲ್ವಿಚಾರಕರೂ, ಈಗ ಕೂದಲೆಲ್ಲ ಬೆಳ್ಳಗಾಗಿ, ಕೋಲೂರಿ ನಿಂತಿದ್ದರು. ಬಾಗಿಲ ಎದುರಿಗೆ ಆಳೆತ್ತರದ ಚಿತ್ರವಿರಲಿಲ್ಲ. ಅಲ್ಲಿ ಒಂದು ಉದ್ದನೆಯ ಚೌಕಟ್ಟು, ಅದರಲ್ಲಿ ಸಾಲಾಗಿ ಮೂರು ಚಿತ್ರ. ಬದಿ ಕತ್ತರಿಸಿರಲಿಲ್ಲ. ಅಂಚಿನ ಅಂಕಿಗಳೂ ಹಾಗೆಯೇ ಇದ್ದವು. ಕೆಳಗೆ, ಅದೇ ಗಾಜಿನ ಒಳಗೆ, ನಡುಗುವ ಕೈಯಿಂದ ಮಸಿಯಲ್ಲಿ ಬರೆದ ಕಾಗದ:

‘ಹದಿನಾಲ್ಕು: ಗಾಡಿ ಉರುಳತೊಡಗಿದ್ದು. ಹದಿನೈದು: ಸಣ್ಣತಾಯಮ್ಮನವರು ಗಾಲಿಗೆ ಕೊಡಲು ಕಲ್ಲು ತರುತ್ತಿರುವುದು. ಹದಿನಾರು: ಕೊಟ್ಟದ್ದು. ಪಕ್ಕದ ಬೂಟು ನನ್ನದು. ನಾನು ನೋಡಿದ್ದೆ. ಹೇಳಲಿಲ್ಲ.’

ಧರಣೇಂದ್ರಯ್ಯನವರು ಅದರ ಪಕ್ಕದಲ್ಲೇ, ಚೌಕಟ್ಟಿನ ಭಾಗವೋ ಎಂಬಂತೆ ನಿಂತಿದ್ದರು. ಆ ಹಳೆಯ ಬೂಟು ಹಾಕಿಕೊಂಡಿದ್ದರು. ಓದಿದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸುತ್ತಿದ್ದರು. ಅಮ್ಮ ಒಳಗೆ ಬಂದಾಗ, ಯಾರೂ ಹೇಳದೆಯೇ, ಎರಡೂ ಕಡೆ ಸರಿದು ದಾರಿಯಾಯಿತು. ಅಂದು ಅಷ್ಟು ದಾರಿ ಬಿಟ್ಟಿದ್ದರೆ ಅವಳು ಕೈ ಎತ್ತಬೇಕಾಗಿಯೇ ಇರಲಿಲ್ಲ.

ಅವಳು ಚೌಕಟ್ಟಿನ ತೀರ ಹತ್ತಿರಕ್ಕೆ ಹೋದಳು. ಮೊದಲ ಚಿತ್ರದಲ್ಲಿ ಬಹಳ ಹೊತ್ತು ಏನೋ ಹುಡುಕಿದಳು. ಎರಡನೆಯದನ್ನು ನೋಡದೆ ದಾಟಿದಳು. ಮೂರನೆಯದರ ಮುಂದೆ ನಿಂತು ತನ್ನ ಕೈಯನ್ನು ಗಾಜಿನ ಮೇಲೆ, ಆ ಕೈಯ ಪಕ್ಕದಲ್ಲಿಟ್ಟಳು. ಆಮೇಲೆ ಬಗ್ಗಿ ಕೆಳಗಿನ ಅಕ್ಷರಗಳ ಮೇಲೆ ಮುಖವಿಟ್ಟಳು. ಅವ್ವ ಅಪ್ಪ ಎಂಬುದನ್ನು ಕೂಡ ಓದಲು ಬಾರದವಳು ಅವಳು.

“ಏನೋ ಬರ್ದವ್ರೆ,” ಎಂದಳು. “ಏನಂತ ಬರ್ದವ್ರೆ?”

ಮೇಲ್ವಿಚಾರಕರು ಕೋಲಿನ ಹಿಡಿಯನ್ನು ನೋಡುತ್ತಿದ್ದರು. ಪ್ರಹ್ಲಾದರಾಯರು ಅತಿಥಿಗಳ ಕಡೆ ತಿರುಗಿದರು. ಧರಣೇಂದ್ರಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ಓದಲು ಬರುತ್ತಿತ್ತು. ಏಳನೆಯ ತರಗತಿಯವರೆಗೆ ಓದಿದ್ದೆ. ಬಾಯಿ ತೆರೆದೆ. ಒಳಗಿನಿಂದ ಏನೂ ಬರಲಿಲ್ಲ.

ಅಮ್ಮನ ಉಸಿರು ಗಾಜಿನ ಮೇಲೆ ಮಂಜಾಗಿ ಹರಡಿ, ಅಂಚಿನಿಂದ ಒಳಕ್ಕೆ ಕುಗ್ಗುತ್ತಿತ್ತು. ಅದರೊಳಗಿಂದ ಅಕ್ಷರಗಳು ಒಂದೊಂದಾಗಿ ಮತ್ತೆ ಮೂಡುತ್ತಿದ್ದವು.

“ಯಾರಾದ್ರೂ ಓದ್ ಹೇಳ್ರಪ್ಪ,” ಎಂದಳು ಅಮ್ಮ.